ಉಬುಂಟು ಸರ್ವರ್ ಅಪ್‌ಗ್ರೇಡ್: ಮೊದಲು ಕನ್ಸೋಲ್ ತೆರೆದು ನೋಡಿ

ಸರ್ವರ್‌ಗಳಲ್ಲಿ ಬಳಸುವ ಆಪರೇಟಿಂಗ್ ಸಿಸ್ಟಮ್ ಉಬುಂಟುವಿನ 20.04 ಆವೃತ್ತಿಯ ಮಾಮೂಲಿ ಬೆಂಬಲ 2025ರ ಮೇ ತಿಂಗಳಲ್ಲೇ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ದಯವಿಟ್ಟು ತಡ ಮಾಡಬೇಡಿ. ನೇರವಾಗಿ 24.04ಕ್ಕೆ ಹೋಗಲು ಆಗುವುದಿಲ್ಲ, ನಡುವೆ 22.04 ಹಾಕಲೇಬೇಕು.

ಅಪ್‌ಗ್ರೇಡ್‌ಗೆ ಮೊದಲು ಸ್ನ್ಯಾಪ್‌ಶಾಟ್ (ಇಡೀ ಸರ್ವರ್‌ನ ಆ ಕ್ಷಣದ ನಕಲು), ಡೇಟಾಬೇಸ್ ಬ್ಯಾಕಪ್ ಎಲ್ಲರೂ ತೆಗೆಯುತ್ತಾರೆ. ಮರೆಯುವುದು ಕನ್ಸೋಲ್, ಅಂದರೆ ಸರ್ವರ್‌ನ ಪರದೆಯನ್ನೇ ನೇರವಾಗಿ ತೋರಿಸುವ ಕಿಟಕಿ. ಹೋಸ್ಟಿಂಗ್‌ನವರ ವೆಬ್ ಕನ್ಸೋಲ್‌ನಲ್ಲಿ ಪಾಸ್‌ವರ್ಡ್ ಹಾಕಿ ಒಮ್ಮೆ ಲಾಗಿನ್ ಆಗಿ ನೋಡಿ. ದಿನಾ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವ್ಯವಸ್ಥೆ) ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸುವವರಿಗೆ ಆ ಪಾಸ್‌ವರ್ಡ್ ನೆನಪೇ ಇರುವುದಿಲ್ಲ, ಅಲ್ವಾ? ಎಸ್‌ಎಸ್‌ಎಚ್ ಕೈಕೊಟ್ಟರೆ ಒಳಗೆ ಹೋಗಲು ಅದೇ ದಾರಿ.

ಎಸ್‌ಎಸ್‌ಎಚ್ ಮೂಲಕ ಅಪ್‌ಗ್ರೇಡ್ ಶುರು ಮಾಡಿದರೆ 1022ನೇ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆದುಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಅದನ್ನು ನಿಮ್ಮ ಐಪಿಗೆ ಮಾತ್ರ ಬಿಡಿ, ಆಮೇಲೆ ಮುಚ್ಚಿ. ಅಪ್‌ಗ್ರೇಡ್ ಕಮಾಂಡ್ (do-release-upgrade) ಅನ್ನು ಸ್ಕ್ರೀನ್ (screen) ಅಥವಾ ಟಿಮಕ್ಸ್ (tmux) ಎಂಬ ಪ್ರೋಗ್ರಾಂ ಒಳಗೇ ಓಡಿಸಿ, ಅವು ಸರ್ವರ್‌ನಲ್ಲೇ ಸೆಷನ್ ಉಳಿಸಿಕೊಳ್ಳುವುದರಿಂದ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಡುವೆ ಕಾನ್ಫಿಗ್ ಫೈಲ್ (ನಿಮ್ಮ ಸೆಟ್ಟಿಂಗ್‌ಗಳಿರುವ ಫೈಲ್) ಬದಲಿಸಲಾ ಎಂದು ಕೇಳಿದಾಗ ಸುಮ್ನೆ ಎಂಟರ್ ಒತ್ತಬೇಡಿ, ವ್ಯತ್ಯಾಸ ಓದಿ ಉತ್ತರಿಸಿ.