ಡೇರಿ ಬಟವಾಡೆ ಲೆಕ್ಕಕ್ಕೆ ಪೈಥಾನ್ ಬಳಸುವುದು ಹೇಗೆ?

ನಮ್ಮೂರ ಹಾಲಿನ ಡೇರಿಯ ಲೆಕ್ಕ ನೋಡಿಕೊಳ್ಳುವವನು ನಾನು. ಬೆಳಿಗ್ಗೆ, ಸಂಜೆ ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು, ದರ ಎಷ್ಟು ಎಂಬುದೆಲ್ಲ ದಿನಕ್ಕೊಂದು ಎಕ್ಸೆಲ್ ಫೈಲಿನಲ್ಲಿರುತ್ತದೆ. ಬಟವಾಡೆ ಬಂತೆಂದರೆ ಅವನ್ನೆಲ್ಲ ತೆರೆದು ಸದಸ್ಯರವಾರು ಕೂಡಿಸಬೇಕು. ಆ ಕೂಡಿಸುವ ಕೆಲಸ ಈಗ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್, ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸೂಚನೆಗಳ ಫೈಲ್, ಮಾಡುತ್ತದೆ. ನಿಮ್ಮ ಸಂಘದಲ್ಲೂ ಮಾಡಿಕೊಳ್ಳಬಹುದು.

ಪೈಥಾನನ್ನು ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಎಕ್ಸೆಲ್ ಫೈಲ್ ಓದುವುದು ಪೈಥಾನಿಗೆ ತಾನಾಗಿ ಬರುವುದಿಲ್ಲ. ಅದಕ್ಕೆ ಓಪನ್‌ಪೈಎಕ್ಸೆಲ್ ಎಂಬ ಮಾಡ್ಯೂಲ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು, ನಿಮ್ಮ ಕೆಲಸದ ಫೋಲ್ಡರಿಗೆ ಹೋಗಿ. ಆಜ್ಞೆಗಳನ್ನು ಇಲ್ಲಿ ಓದುವಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ‘ಪಿವೈ -ಎಂ ವೆನ್ವ್ ಡೇರಿ’. ಇದರಿಂದ ‘ಡೇರಿ’ ಎಂಬ ಫೋಲ್ಡರಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಪೈಥಾನ್ ಸಿದ್ಧವಾಗುತ್ತದೆ. ಆಮೇಲೆ ‘ಡೇರಿ\ಸ್ಕ್ರಿಪ್ಟ್ಸ್\ಆಕ್ಟಿವೇಟ್’. ಸಾಲಿನ ಮುಂದೆ ಕಂಸದೊಳಗೆ ‘ಡೇರಿ’ ಅಂತ ಬಂದರೆ ಸರಿಯಾಗಿದೆ ಎಂದರ್ಥ. ವಿಂಡೋಸ್‌ನ ಇನ್ನೊಂದು ಆಜ್ಞೆಯ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಈ ಹಂತಕ್ಕೆ ಅನುಮತಿ ಇಲ್ಲ ಎಂದು ತಡೆಯುವುದುಂಟು, ಅದಕ್ಕೇ ಕಮಾಂಡ್ ಪ್ರಾಂಪ್ಟ್ ಎಂದಿದ್ದು. ಕೊನೆಗೆ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಓಪನ್‌ಪೈಎಕ್ಸೆಲ್’. ಮಾಡ್ಯೂಲಿನ ಹೆಸರು ಓಪನ್, ಪಿ, ವೈ, ಎಕ್ಸ್, ಎಲ್, ನಡುವೆ ಜಾಗವಿಲ್ಲ. ಕಾಗುಣಿತ ಎರಡು ಸಲ ನೋಡಿ. ಹತ್ತಿರದ ಹೆಸರಿಟ್ಟು ಕೆಟ್ಟ ಮಾಡ್ಯೂಲ್ ತೇಲಿಬಿಡುವವರೂ ಇದ್ದಾರೆ.

ಸ್ಕ್ರಿಪ್ಟ್ ಮಾಡಬೇಕಾದ್ದು ಇಷ್ಟೇ: ಫೋಲ್ಡರಿನ ಪ್ರತಿ ಫೈಲನ್ನೂ ತೆರೆ, ತಲೆಬರಹ ಬಿಟ್ಟು ಎರಡನೇ ಸಾಲಿನಿಂದ ಓದು, ಸದಸ್ಯರ ನಂಬರಿಗೆ ಮೊತ್ತ ಸೇರಿಸು, ಕೊನೆಗೆ ಹೊಸ ಫೈಲಿಗೆ ಬರೆ. ಮೊತ್ತದ ಕಾಲಮ್ಮಿನಲ್ಲಿ ಫಾರ್ಮುಲಾ ಇದ್ದರೆ ಫೈಲ್ ತೆರೆಯುವಾಗ ‘ಡೇಟಾ ಓನ್ಲಿ’ಯನ್ನು ‘ಟ್ರೂ’ ಮಾಡಿ. ಇಲ್ಲದಿದ್ದರೆ ದುಡ್ಡಿನ ಬದಲು ಫಾರ್ಮುಲಾನೇ ಕೈಗೆ ಬರುತ್ತದೆ. ‘ಟ್ರೂ’ ಮಾಡಿ ತೆರೆದ ಫೈಲನ್ನು ಅದೇ ಹೆಸರಿಗೆ ಸೇವ್ ಮಾಡಿದರೆ ಫಾರ್ಮುಲಾಗಳೆಲ್ಲ ಅಳಿಸಿಹೋಗುತ್ತವೆ. ಮೂಲ ಫೈಲ್ ಮುಟ್ಟಲೇಬೇಡಿ. ಹಳೆಯ ‘ಎಕ್ಸ್‌ಎಲ್‌ಎಸ್’ ಫೈಲುಗಳಿದ್ದರೆ ಮೊದಲು ಎಕ್ಸೆಲ್‌ನಲ್ಲಿ ತೆರೆದು ‘ಎಕ್ಸ್‌ಎಲ್‌ಎಸ್‌ಎಕ್ಸ್’ ಆಗಿ ಉಳಿಸಿಕೊಳ್ಳಿ.

ನಮ್ಮ ಕಡೆ ನಿಜವಾದ ತೊಡಕು ಇರುವುದು ಹೆಸರಿನಲ್ಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು ಕಣ್ಣಿಗೆ ಕನ್ನಡ, ಆದರೆ ಸೆಲ್ಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಬದಲಾಯಿಸಿ ನೋಡಿ, ಗೊತ್ತಾಗುತ್ತದೆ. ಅದೇ ಹೆಸರನ್ನು ಇನ್ನೊಬ್ಬರು ಯೂನಿಕೋಡ್‌ನಲ್ಲಿ (ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಸಂಕೇತ ಪದ್ಧತಿ) ಟೈಪ್ ಮಾಡಿದ್ದರೆ ಸ್ಕ್ರಿಪ್ಟಿಗೆ ಅವರಿಬ್ಬರೂ ಬೇರೆ ಬೇರೆ ಸದಸ್ಯರು. ಎರಡೂ ಯೂನಿಕೋಡ್ ಆಗಿದ್ದರೂ ‘ಮಂಜುನಾಥ’, ‘ಮಂಜುನಾಥ್’ ಒಂದಾಗುವುದಿಲ್ಲ. ಸಾಲದ್ದಕ್ಕೆ ಒಂದೊಂದು ಊರಲ್ಲಿ ಎಷ್ಟು ಮಂಜುನಾಥರು, ಅಲ್ವಾ? ಹೆಸರು ನಂಬಿ ಕೂಡಿಸಿದರೆ ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋಗುತ್ತದೆ.

ಅದಕ್ಕೆ ಲೆಕ್ಕವೆಲ್ಲ ಸದಸ್ಯರ ನಂಬರಿನ ಮೇಲೇ ನಡೆಯಲಿ. ನಂಬರು, ಹೆಸರು ಮಾತ್ರ ಇರುವ ಒಂದು ಪ್ರತ್ಯೇಕ ಪಟ್ಟಿ ಮಾಡಿ, ಹೆಸರುಗಳನ್ನು ಒಮ್ಮೆ ಫಾಂಟ್ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದಿಡಿ. ಬಟವಾಡೆ ಪಟ್ಟಿಗೆ ಹೆಸರು ಅಲ್ಲಿಂದಲೇ ಬರಲಿ. ನಂಬರಿಗೂ ಒಂದು ಕಾಟ ಇದೆ: ಒಂದು ದಿನ 7, ಇನ್ನೊಂದು ದಿನ ಪಠ್ಯವಾಗಿ 007 ಎಂದಿದ್ದರೆ ಅವು ಬೇರೆ ಬೇರೆ. ಓದಿದ ಕೂಡಲೇ ‘ಇಂಟ್’ ಬಳಸಿ ಪೂರ್ಣಾಂಕ ಮಾಡಿಬಿಡಿ. ಖಾಲಿ ಸಾಲುಗಳನ್ನು ಅದಕ್ಕೂ ಮೊದಲೇ ಬಿಡಿ.

ಓಡಿಸುವಾಗ ‘ಪರ್ಮಿಷನ್ ಎರರ್’ ಬಂದರೆ ಗಾಬರಿ ಬೇಡ, ಸಾಮಾನ್ಯವಾಗಿ ಆ ಹೊಸ ಫೈಲ್ ಎಕ್ಸೆಲ್‌ನಲ್ಲಿ ತೆರೆದೇ ಇರುತ್ತದೆ. ಮುಚ್ಚಿ ಮತ್ತೆ ಓಡಿಸಿ. ಮೊದಲ ಬಟವಾಡೆಯ ಮೊತ್ತವನ್ನು ಮಾತ್ರ ಕೈಬರಹದ ರಿಜಿಸ್ಟರಿನ ಜೊತೆ ಸದಸ್ಯರವಾರು ತಾಳೆ ನೋಡಿ, ಆಮೇಲೆ ದುಡ್ಡು ಹಾಕಿ.