ಮೂತಿ ಕಪ್ಪಾಗದಂತೆ ಹಳೇ ಬಣ್ಣದ ಎಂಜಿನ್ ಫೋಟೊ ತೆಗೆಯುವುದು ಹೇಗೆ?

ಅಕ್ಟೋಬರ್‌ನ ಒಂದು ಮಧ್ಯಾಹ್ನ. ಹಡ್ಸನ್ ನದಿ ದಂಡೆಯ ಕೋಲ್ಡ್ ಸ್ಪ್ರಿಂಗ್ ಸ್ಟೇಷನ್ನಿನಲ್ಲಿ ಹತ್ತು ಹನ್ನೆರಡು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ನ್ಯೂಯಾರ್ಕ್ ಕಡೆಯಿಂದ ರೈಲು ಬಂತು. ಮುಂದೆ ಬೂದು ಬಣ್ಣದ ಎಂಜಿನ್, ಮೈಮೇಲೆ ಮಿಂಚಿನಂತಹ ಬಿಳಿ ಪಟ್ಟಿ. ಎಲ್ಲರೂ ನೇರವಾಗಿ ಮೂತಿಗೇ ಗುರಿ ಇಟ್ಟರು. ಆಮೇಲೆ ಪರದೆ ನೋಡಿಕೊಂಡು ಸುಮ್ಮನಾದರು. ಆಕಾಶ ಬೆಳ್ಳಗೆ, ಎಂಜಿನ್ ಮೂತಿ ಮಾತ್ರ ಕರಿ ಡಬ್ಬಿಯಂತೆ. ಅವರಲ್ಲಿ ಇಬ್ಬರು ನಮ್ಮ ಕನ್ನಡದ ಹುಡುಗರು. ಕ್ಯಾಮೆರಾ ಬದಲಿಸಬೇಕಾ ಅಂಕಲ್ ಅಂತ ಕೇಳಿದರು. ಕ್ಯಾಮೆರಾ ಚೆನ್ನಾಗಿಯೇ ಇತ್ತು. ನಿಂತ ಜಾಗ, ಬಂದ ಹೊತ್ತು ಎರಡೂ ತಪ್ಪಾಗಿದ್ದವು.

ಈ ಬಣ್ಣದ ಕಥೆ ಚಿಕ್ಕದು. ನ್ಯೂಯಾರ್ಕ್ ನಗರದ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನಿಂದ ಉತ್ತರದ ಪೊಕೀಪ್ಸಿ ಊರಿನವರೆಗೆ ದಿನಾ ಕೆಲಸಕ್ಕೆ ಹೋಗಿಬರುವವರ ರೈಲು ಓಡಿಸುವುದು ಮೆಟ್ರೋ-ನಾರ್ತ್. ಅದು ಶುರುವಾಗಿದ್ದು 1983ರಲ್ಲಿ. 2023ರಲ್ಲಿ 40 ವರ್ಷ ತುಂಬಿದಾಗ, ತನ್ನ ಕೆಲವು ಎಂಜಿನ್‌ಗಳಿಗೆ ಹಿಂದೆ ಇದೇ ಹಳಿ ಮೇಲೆ ರೈಲು ಓಡಿಸುತ್ತಿದ್ದ ಕಂಪನಿಗಳ ಬಣ್ಣ ಕೊಟ್ಟಿತು. ಬೂದು ಮೈಗೆ ಮಿಂಚಿನ ಪಟ್ಟಿ ಇದ್ದರೆ ಅದು ನ್ಯೂಯಾರ್ಕ್ ಸೆಂಟ್ರಲ್. ಪೂರ್ತಿ ನೀಲಿ ಇದ್ದರೆ ಕಾನ್‌ರೈಲ್, 1976ರಿಂದ 1982ರ ಕೊನೆವರೆಗೆ ಈ ರೈಲುಗಳನ್ನು ನಡೆಸಿದ ಕಂಪನಿ. ಬಣ್ಣ ಹಳೇದು, ಎಂಜಿನ್ ಮಾತ್ರ ಜನರಲ್ ಎಲೆಕ್ಟ್ರಿಕ್‌ ಕಂಪನಿಯ ಜೆನೆಸಿಸ್ ಎನ್ನುವ ಮಾದರಿ. ಗ್ರ್ಯಾಂಡ್ ಸೆಂಟ್ರಲ್‌ನ ಸುರಂಗದಲ್ಲಿ ಕರೆಂಟಿನ ಮೇಲೆ, ಹೊರಗೆ ಡೀಸೆಲ್ ಮೇಲೆ ಓಡುತ್ತದೆ.

ಮೊದಲು ಎಂಜಿನ್ ಎಲ್ಲಿದೆ ಅಂತ ಪತ್ತೆ ಮಾಡಿ

ಟೈಮ್‌ಟೇಬಲ್‌ನಲ್ಲಿ ಎಂಜಿನ್ ಬಣ್ಣ ಬರೆದಿರುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಸ್ನೇಹಿತರಿಗೆ ಹೇಳಿಟ್ಟಿರಿ. ಯಾರಾದರೂ ನೋಡಿದರೆ ಯಾವ ಸ್ಟೇಷನ್, ಎಷ್ಟು ಗಂಟೆ ಅಂತ ಮೆಸೇಜ್ ಹಾಕಲಿ. ಪೊಕೀಪ್ಸಿಯಿಂದ ಗ್ರ್ಯಾಂಡ್ ಸೆಂಟ್ರಲ್‌ಗೆ ಹತ್ತಿರ ಹತ್ತಿರ 2 ಗಂಟೆಯ ದಾರಿ. ಕೆಳಗೆ ನ್ಯೂಯಾರ್ಕ್‌ಗೆ ಹೋದ ಗಾಡಿ ಮತ್ತೆ ಮೇಲೆ ಬರಲೇಬೇಕು. ಮಧ್ಯಾಹ್ನವೇ ಬರಬಹುದು, ಸಂಜೆಯ ರಶ್ಶಿಗೂ ಬರಬಹುದು. ರೈಲು ಎಲ್ಲಿದೆ ಅಂತ ಟ್ರೈನ್‌ಟೈಮ್ ಆ್ಯಪ್‌ನ ನಕ್ಷೆಯಲ್ಲಿ ಕಾಣುತ್ತದೆ.

ಒಂದು ಎಚ್ಚರಿಕೆ. ಇದೇ ಹಳಿ ಮೇಲೆ ದೂರದ ಊರುಗಳಿಗೆ ಹೋಗುವ ಆಮ್‌ಟ್ರಾಕ್ ಕಂಪನಿಯ ರೈಲುಗಳೂ ಓಡುತ್ತವೆ. ಅವುಗಳ ಎಂಜಿನ್ ಆಕಾರವೂ ಬಹುತೇಕ ಇದೇ. ದೂರದಿಂದ ಆಕಾರ ನೋಡಿ ಬಟನ್ ಒತ್ತಲು ಶುರು ಮಾಡಬೇಡಿ.

ಈಗ ಮುಖ್ಯ ವಿಷಯ: ಮೂತಿ ಯಾವಾಗಲೂ ಉತ್ತರಕ್ಕೆ

ಇದೊಂದು ಅರ್ಥವಾದರೆ ಮುಕ್ಕಾಲು ಕೆಲಸ ಮುಗಿದಂತೆ. ಈ ಮಾರ್ಗದಲ್ಲಿ ಎಂಜಿನ್ ಸಾಮಾನ್ಯವಾಗಿ ರೈಲಿನ ಉತ್ತರದ ತುದಿಯಲ್ಲಿ, ಅಂದರೆ ಪೊಕೀಪ್ಸಿ ಕಡೆ ಇರುತ್ತದೆ. ಪೊಕೀಪ್ಸಿಗೆ ಹೋಗುವಾಗ ಎಳೆಯುತ್ತದೆ. ನ್ಯೂಯಾರ್ಕ್‌ಗೆ ಹೋಗುವಾಗ ಹಿಂದಿನಿಂದ ತಳ್ಳುತ್ತದೆ. ಎರಡೂ ಸಲ ಮೂತಿ ಉತ್ತರಕ್ಕೇ.

ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ಮೇಲೆ ಬರುತ್ತಾನೆ, ಆಮೇಲೆ ಕೆಲವು ತಿಂಗಳು ಮಧ್ಯಾಹ್ನವೂ ಉತ್ತರದ ಕಡೆ ವಾಲಿರುತ್ತಾನೆ. ಇಲ್ಲಿ ಹಾಗಲ್ಲ. ಇಲ್ಲಿ ವರ್ಷವಿಡೀ ನಡು ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ಬೆಳಿಗ್ಗೆ, ಸಂಜೆಯೂ ಉತ್ತರಕ್ಕೆ ಬರುವುದೇ ಇಲ್ಲ. ಅಕ್ಟೋಬರ್‌ನಲ್ಲಿ ಆ ಹುಡುಗರು ಎಷ್ಟು ಹೊತ್ತು ಕಾದಿದ್ದರೂ, ಉತ್ತರಕ್ಕೆ ತಿರುಗಿದ ಮೂತಿಗೆ ಬಿಸಿಲು ಬೀಳುತ್ತಿರಲಿಲ್ಲ.

ಹಾಗಾದರೆ ದಾರಿ ಏನು? ನಾಲ್ಕಿವೆ. ನಾನು ನಾಲ್ಕನ್ನೂ ಮಾಡಿ ನೋಡಿದ್ದೇನೆ.

ಮೊದಲನೆಯದು, ಮೂತಿಯ ಆಸೆ ಬಿಟ್ಟು ಮೈ ತೆಗೆಯಿರಿ. ಈ ಎಂಜಿನ್ ಸುಮಾರು 21 ಮೀಟರ್ ಉದ್ದ ಇದೆ. ಮಿಂಚಿನ ಪಟ್ಟಿಯ ಚೆಂದವೆಲ್ಲ ಆ ಉದ್ದದಲ್ಲೇ ಇರುವುದು. ಮೂತಿ ಮೇಲೆ ಕಾಣುವುದು ಅದರ ಒಂದು ತುಣುಕು ಅಷ್ಟೇ. ನದಿ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ನದಿ ಬದಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ. ಉತ್ತರಕ್ಕೆ ಹೋಗುವ ಗಾಡಿ ಸಾಮಾನ್ಯವಾಗಿ ಆಚೆ ಬದಿಯ ಹಳಿಯಲ್ಲಿ ಬರುತ್ತದೆ. ಹಾಗಾಗಿ ಪೂರ್ತಿ ಮೈ, ಚಕ್ರದವರೆಗೂ ಕಾಣುತ್ತದೆ. ಅದೇ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿನಲ್ಲೇ ನಿಂತರೆ ಎತ್ತರದ ಕಟ್ಟೆ ಚಕ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಎದುರು ಗಾಡಿ ಅಡ್ಡ ಬರುವ ಅಪಾಯ ಇದ್ದೇ ಇದೆ, ಅದಕ್ಕೆ ಮದ್ದಿಲ್ಲ.

ಎರಡನೆಯದು, ಹಳಿ ವಾಯುವ್ಯಕ್ಕೆ ತಿರುಗುವ ಜಾಗ ಹುಡುಕಿ. ಕ್ರೋಟನ್ ದಾಟಿದ ಮೇಲೆ ಓಸ್ಕಾವಾನಾ ಕಡೆ ಹಳಿ ಚೆನ್ನಾಗಿ ವಾಯುವ್ಯಕ್ಕೆ ಬಾಗುತ್ತದೆ. ಅಲ್ಲಿ ಮಾರ್ಚ್, ಸೆಪ್ಟೆಂಬರ್ ಸಂಜೆಯಲ್ಲೂ ಮೂತಿಗೆ ಓರೆ ಬಿಸಿಲು ಸಿಗುತ್ತದೆ. ಎದುರಿಗೆ ಹ್ಯಾವರ್‌ಸ್ಟ್ರಾ ಕೊಲ್ಲಿ. ನದಿ ಅಲ್ಲಿ ತುಂಬಾ ಅಗಲ. ಆಚೆ ದಡದ ಗುಡ್ಡಗಳು ದೂರ ಇರುವುದರಿಂದ ಕೊನೆ ಗಳಿಗೆವರೆಗೂ ಬಿಸಿಲು ಇರುತ್ತದೆ. ಕೋಲ್ಡ್ ಸ್ಪ್ರಿಂಗ್‌ನಲ್ಲಿ ಹಾಗಲ್ಲ. ಎದುರಿಗೇ ಸ್ಟಾರ್ಮ್ ಕಿಂಗ್, ಕ್ರೋಸ್ ನೆಸ್ಟ್ ಬೆಟ್ಟಗಳು. ಸೂರ್ಯಾಸ್ತ 8:30ಕ್ಕೆ ಅಂತ ಫೋನು ಹೇಳುತ್ತಿರುತ್ತದೆ, ಹಳಿ ಮೇಲೆ ಅದಕ್ಕೆ ತುಂಬಾ ಮೊದಲೇ ನೆರಳು ಬಿದ್ದಿರುತ್ತದೆ. ಇದು ತಿಳಿಯದೆ ಒಂದು ಜೂನ್ ಸಂಜೆ ಅಲ್ಲಿ ಕಾದು, ನೆರಳಲ್ಲಿ ಹೋದ ನೀಲಿ ಎಂಜಿನ್ ನೋಡಿ ಬೇಜಾರಿನಲ್ಲಿ ಮನೆಗೆ ಬಂದಿದ್ದೇನೆ.

ಮೂರನೆಯದು ನನ್ನ ಅಚ್ಚುಮೆಚ್ಚಿನದು. ಜೂನ್ ತಿಂಗಳ ಬೆಳಿಗ್ಗೆ, 9 ಗಂಟೆಗೆ ಮೊದಲು, ಗ್ಯಾರಿಸನ್ ಸ್ಟೇಷನ್. ಆ ಹೊತ್ತಿಗೆ ಸೂರ್ಯ ಪೂರ್ವದಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಪೂರ್ವದ ಪ್ಲಾಟ್‌ಫಾರ್ಮಿನಲ್ಲಿ, ಆದಷ್ಟು ಉತ್ತರದ ತುದಿಗೆ ನಿಲ್ಲಿ. ನ್ಯೂಯಾರ್ಕ್ ಕಡೆ ಹೋಗುವ ರೈಲು ಬರಲಿ, ಬೋಗಿಗಳೆಲ್ಲ ದಾಟಲಿ. ಕೊನೆಯಲ್ಲಿ ತಳ್ಳಿಕೊಂಡು ಬರುವ ಎಂಜಿನ್ ನಿಮ್ಮನ್ನು ದಾಟಿದ ಮೇಲೆ ಒತ್ತಿ. ಮೂತಿಗೂ ಬಿಸಿಲು, ಮೈಗೂ ಬಿಸಿಲು. ಹಿಂದೆ ನದಿ, ಅದರಾಚೆ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಬೂದು ಕಲ್ಲಿನ ಕಟ್ಟಡಗಳು. ಬೂದು ಎಂಜಿನ್ ಆ ಕಲ್ಲಿನ ಮುಂದೆ ಹೋಗುವುದನ್ನು ನೋಡಿದವರಿಗೆ ಬೇರೆ ಜಾಗ ರುಚಿಸುವುದಿಲ್ಲ. ಹಿಂದಿನಿಂದ ತೆಗೆದದ್ದು, ಕೆಂಪು ದೀಪ ಕಾಣುತ್ತೆ ಅಂತ ಕೆಲವರು ಆಕ್ಷೇಪ ಎತ್ತುತ್ತಾರೆ. ಕೆಂಪು ದೀಪ ಇರಲಿ ಬಿಡಿ. ಬೆಳಕು ಸರಿಯಿದ್ದರೆ ಫೋಟೊ ಸರಿಯಿದ್ದಂತೆ.

ನಾಲ್ಕನೆಯದು ಚಳಿಗಾಲಕ್ಕೆ. ತೆಳು ಮೋಡ ಕವಿದ ದಿನ ಹೊರಡಿ. ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬರುತ್ತದೆ, ಮೂತಿ ಉತ್ತರಕ್ಕಿದ್ದರೂ ತೊಂದರೆ ಇಲ್ಲ. ನೀಲಾಕಾಶ ಇದ್ದರೇ ಒಳ್ಳೆ ಫೋಟೊ ಎನ್ನುವ ನಂಬಿಕೆ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಕಾಶವನ್ನು ಮಾತ್ರ ಫ್ರೇಮಿನಿಂದ ಆದಷ್ಟು ಹೊರಗಿಡಿ.

ಕ್ಯಾಮೆರಾ ಹೊಂದಿಸುವುದು

ನಿಲ್ಲದೆ ಹೋಗುವ ಗಾಡಿ ಗಂಟೆಗೆ 110 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಸೆಕೆಂಡಿಗೆ 30 ಮೀಟರ್ ಆಯಿತು. ಷಟರ್ ತೆರೆದಿರುವ ಹೊತ್ತು 1/500 ಸೆಕೆಂಡ್ ಇಟ್ಟರೆ ಅಷ್ಟರಲ್ಲೇ ಎಂಜಿನ್ 6 ಸೆಂ.ಮೀ. ಮುಂದೆ ಹೋಗಿರುತ್ತದೆ. 1/1000ಕ್ಕೆ 3 ಸೆಂ.ಮೀ. ಮೈ ಅಡ್ಡಲಾಗಿ ತೆಗೆಯುವಾಗ 1/2000ಕ್ಕಿಂತ ಕಡಿಮೆ ಇಡಬೇಡಿ. ಓರೆಯಾಗಿ ತೆಗೆದರೆ 1/1000 ಸಾಕು.

ಫೋನಿನವರಿಗೆ ಬೇರೆ ಸಮಸ್ಯೆ ಇದೆ. ಫೋನು ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ರೈಲು ಸರಿದಿರುವುದರಿಂದ ಎಂಜಿನ್ ಒಂದು ಕಡೆ ವಾಲಿದಂತೆ ಬರುತ್ತದೆ. ಸೈಲೆಂಟ್ ಷಟರ್ ಹಾಕಿದ ಎಷ್ಟೋ ಕ್ಯಾಮೆರಾಗಳಲ್ಲೂ ಇದೇ ಕಥೆ. ಹಾಗಾಗಿ ಸೈಲೆಂಟ್ ಮೋಡ್ ಆಫ್ ಮಾಡಿ. ಫೋನಿನವರು ರೈಲು ಸ್ಟೇಷನ್ನಿನಲ್ಲಿ ನಿಂತಾಗಲೇ ತೆಗೆಯಿರಿ. ನಿಲ್ಲುವುದು ಸ್ವಲ್ಪವೇ ಹೊತ್ತು, ಉತ್ತರದ ತುದಿಯಲ್ಲಿ ಮೊದಲೇ ಸಿದ್ಧವಾಗಿರಿ. ಫೋನಿಗೆ ಕ್ಲಿಪ್ ಹಾಕಿ ಸಿಕ್ಕಿಸುವ ಅಗ್ಗದ ಜೂಮ್ ಲೆನ್ಸ್ ದಯವಿಟ್ಟು ಕೊಳ್ಳಬೇಡಿ. ಅಂಚೆಲ್ಲ ಮಸುಕಾಗುತ್ತದೆ. ಆ ದುಡ್ಡಿಗೆ ಗ್ಯಾರಿಸನ್‌ಗೆ ಇನ್ನೊಂದು ಸಲ ಹೋಗಿಬನ್ನಿ.

ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನುವುದನ್ನು, ಆಟೋದಲ್ಲಿ ಬಿಡಬೇಡಿ. ರೈಲು ಹತ್ತಿರ ಬರುತ್ತಿದ್ದಂತೆ ಅದರ ಹೆಡ್‌ಲೈಟ್ ನೋಡಿ ಕ್ಯಾಮೆರಾ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಹಿಂದೆ ಹೊಳೆಯುವ ನದಿ ಇದ್ದರೂ ಅಷ್ಟೇ. ಮ್ಯಾನ್ಯುಯಲ್‌ನಲ್ಲಿ ಇಡಿ. ನಿಮ್ಮ ಎಂಜಿನ್‌ಗೆ ಮೊದಲು ಬರುವ ಮಾಮೂಲಿ ರೈಲಿನ ಮೇಲೆ ಪರೀಕ್ಷೆ ಮಾಡಿ, ನೋಡಿ, ಸರಿ ಮಾಡಿಕೊಳ್ಳಿ. ಫೋಕಸ್ ಕೂಡ ಹಾಗೇ. ಎಂಜಿನ್ ಎಲ್ಲಿಗೆ ಬಂದಾಗ ಒತ್ತುತ್ತೀರೋ ಅಲ್ಲಿಯ ಹಳಿಗೆ ಮೊದಲೇ ಫೋಕಸ್ ಹಿಡಿದು ಲಾಕ್ ಮಾಡಿ.

ನಿಲ್ಲುವ ಜಾಗ

ಹಳದಿ ಗೆರೆ ದಾಟಬೇಡಿ, ಹಳಿಗೆ ಇಳಿಯಬೇಡಿ. ಇದರಲ್ಲಿ ರಾಜಿ ಇಲ್ಲ. ಕ್ರೋಟನ್-ಹಾರ್ಮನ್‌ನಿಂದ ದಕ್ಷಿಣಕ್ಕೆ ಹಳಿ ಪಕ್ಕದ ಮೂರನೇ ಹಳಿಯಲ್ಲಿ ಸುಮಾರು 700 ವೋಲ್ಟ್ ಕರೆಂಟ್ ಇರುತ್ತದೆ. ಉತ್ತರಕ್ಕೆ ಅದಿಲ್ಲ ಅಂತ ಧೈರ್ಯ ಮಾಡುವವರನ್ನು ನೋಡಿದ್ದೇನೆ. ಆದರೆ ತಳ್ಳಿಕೊಂಡು ಬರುವ ರೈಲಿನಲ್ಲಿ ಎಂಜಿನ್ ಸದ್ದು ಹಿಂದೆ ಎಲ್ಲೋ ಇರುತ್ತದೆ, ಮುಂದಿನ ಬೋಗಿ ಸದ್ದಿಲ್ಲದೆ ಬಂದುಬಿಡುತ್ತದೆ. ಪಾರ್ಕುಗಳಲ್ಲಿ ಕಾಲುದಾರಿ ಬಿಟ್ಟು ಹೋಗಬೇಡಿ. ಟ್ರೈಪಾಡ್ ಮನೆಯಲ್ಲಿರಲಿ, ಕೆಲಸದಿಂದ ಮನೆಗೆ ಓಡುವವರ ಕಾಲಿಗೆ ತೊಡರುತ್ತದೆ. ಫ್ಲ್ಯಾಷ್ ಬೇಡವೇ ಬೇಡ, ಓಡಿಸುವವರ ಕಣ್ಣಿಗೆ ಹೊಡೆಯುತ್ತದೆ.

ಮನೆಗೆ ಬಂದ ಮೇಲೆ

ಹೆಚ್ಚು ತಿದ್ದಬೇಡಿ. ಕಾನ್‌ರೈಲ್ ನೀಲಿ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ (ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಕೆಲವೊಮ್ಮೆ ನೇರಳೆಗೆ ತಿರುಗುತ್ತದೆ, ಡೇಲೈಟ್‌ಗೆ ಇಟ್ಟರೆ ಸರಿಹೋಗುತ್ತದೆ. ಬಣ್ಣ ಗಾಢ ಮಾಡುವ ಗುಂಡಿ ಮುಟ್ಟಬೇಡಿ. ಆ ಬೂದು, ಆ ನೀಲಿ ಹೇಗಿದೆಯೋ ಹಾಗೇ ಬರಬೇಕು, ಇಷ್ಟು ಹೊತ್ತು ಕಾದದ್ದು ಅದಕ್ಕೇ ಅಲ್ವಾ? ಜೊತೆಗೆ ತಾರೀಖು, ಗಂಟೆ, ನಿಂತ ಜಾಗ ಬರೆದಿಡಿ. ಮುಂದಿನ ವರ್ಷ ಅದೇ ದಿನ, ಅದೇ ಹೊತ್ತಿಗೆ ಸೂರ್ಯ ಅದೇ ಜಾಗದಲ್ಲಿರುತ್ತಾನೆ.