ಕಾರ್ಖಾನೆ ಬಂದ ಮೇಲೆ ಊರು ಹೇಗೆ ಬದಲಾಯ್ತು? ಕೆಜಿಎಫ್ ಹಿಡಿದು ಹುಡುಕುವ ದಾರಿ

ಭದ್ರಾವತಿ ಇರಲಿ, ದಾಂಡೇಲಿ ಇರಲಿ, ಕಾರ್ಖಾನೆಯಿಂದ ಊರಿನ ಬದುಕು ಹೇಗೆ ಬದಲಾಯ್ತು ಅಂತ ತಿಳಿಯಬೇಕಾದರೆ ಮಾಲೀಕರ ಹೆಸರು, ಉತ್ಪಾದನೆಯ ಲೆಕ್ಕ ಹಿಡಿದು ಕೂರಬೇಡಿ. ಗೇಟಿನ ಒಳಗೆ ಏನೇನು ಬಂತು, ಎಲ್ಲಿಂದ ಬಂತು ಅಂತ ನೋಡಿ. ಕೋಲಾರದ ಚಿನ್ನದ ಗಣಿಯನ್ನೇ ತೆಗೆದುಕೊಳ್ಳೋಣ.

ಮೊದಲು ಹಳೆಯ ಜನಗಣತಿ ನೋಡಿ. 1891ರಲ್ಲಿ ಅಲ್ಲಿ ಸುಮಾರು 7 ಸಾವಿರ ಜನ, 1901ಕ್ಕೆ 38 ಸಾವಿರ! ಇಷ್ಟು ಜನ ಎಲ್ಲಿಂದ ಬಂದರು ಅಂತ ಕೇಳಿದರೆ ಆಗಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಹಳ್ಳಿಗಳು ಸಿಗುತ್ತವೆ. ಬಹಳಷ್ಟು ಜನ ದಲಿತರು. ಗಣಿಯಲ್ಲಿ ಬಂಡೆ ಸಿಡಿಯುತ್ತಿತ್ತು, ಧೂಳಿಗೆ ಶ್ವಾಸಕೋಶ ಹಾಳಾಗುತ್ತಿತ್ತು, ಆದರೂ ಕೈಗೆ ನಗದು ಕೂಲಿ ಸಿಗುತ್ತಿತ್ತು. ಹಳ್ಳಿಯಲ್ಲಿ ಧಣಿಯ ಹೊಲಕ್ಕೆ ಅಂಟಿಕೊಂಡು ಬದುಕಿದವರಿಗೆ ಅದು ಸಣ್ಣ ಮಾತಲ್ಲ.

ಆಮೇಲೆ ಕರೆಂಟಿನ ತಂತಿ ಹಿಡಿದು ಹೋಗಿ. ನನ್ನ ಪ್ರಕಾರ ಇಡೀ ಕಥೆ ಇರುವುದೇ ಇಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೇ ಮೊದಲು, ಬೆಂಗಳೂರಿಗೆ ಆಮೇಲೆ. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಕರೆಂಟೂ ಇಳಿಯುತ್ತಿತ್ತು. ಕನ್ನಂಬಾಡಿ ಕಟ್ಟೆ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಕೆಲಸ 1911ರಲ್ಲಿ ಶುರುವಾಯ್ತು. ಕಟ್ಟೆಯ ನೀರು ನಾಲೆಯಲ್ಲಿ ಮಂಡ್ಯಕ್ಕೆ ಹರಿಯಿತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೂ ಬಂತು. ಕೋಲಾರದ ಚಿನ್ನಕ್ಕೂ ಮಂಡ್ಯದ ಬೆಲ್ಲ ಸಕ್ಕರೆಗೂ ನಂಟಿದೆ ಅಂತ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಅಲ್ವಾ?

ಕಾಗದಪತ್ರ ನೋಡಿ ಮುಗಿದ ಮೇಲೆ ಮನೆಗಳಿಗೆ ಹೋಗಿ. ಹಿರಿಯ ಹೆಂಗಸರನ್ನು ಮಾತಾಡಿಸಿ, ಗಂಡಸರು ಜಾಸ್ತಿ ಗಣಿಯ ಆಳವನ್ನೇ ಹೇಳುತ್ತಾರೆ. ರಾತ್ರಿ ಪಾಳಿ ಇದ್ದಾಗ ಅಡುಗೆ ಎಷ್ಟು ಹೊತ್ತಿಗೆ, ಸಂಬಳದ ದಿನ ಸಾಲ ಕೊಟ್ಟವನು ಎಲ್ಲಿ ನಿಲ್ಲುತ್ತಿದ್ದ, ನೀರು ಯಾರು ಹಿಡಿಯುತ್ತಿದ್ದರು ಅಂತ ಕೇಳಿ. "ಆಗಿನ ಜೀವನ ಹೇಗಿತ್ತು" ಅಂದರೆ ಸುಮ್ನೆ "ಚೆನ್ನಾಗಿತ್ತು" ಅನ್ನುತ್ತಾರೆ, ಅಷ್ಟೇ.

ಮುಚ್ಚಿದ ಮೇಲಿನ ಕಥೆಯನ್ನೂ ಬಿಡಬೇಡಿ. ಗಣಿ 2001ರಲ್ಲಿ ನಿಂತಿತು, ಊರು ಉಳಿಯಿತು. ಗಣಿ ಊರಿನ ಸ್ಟೇಷನ್ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿ, ಪಕ್ಕದವರನ್ನು ಎಲ್ಲಿ ಕೆಲಸ ಅಂತ ಕೇಳಿ.